ತಕ್ಕಡಿಯ ವಿದ್ವಾಂಸ ಅಲ್‌ಖಾಝಿನಿ



ನಿಮ್ಮ ಮನೆಯಲ್ಲಿ ಪಿಯುಸಿಯಲ್ಲೋ ಬಿ.ಎಸ್ಸಿ.ಯಲ್ಲೋ ವಿಜ್ಞಾನ ಕಲಿಯುವ ಮಕ್ಕಳಿದ್ದರೆ ಅವರಲ್ಲಿ ಒಂದು ವಿಷಯ ಕೇಳಿ ನೋಡಿ. ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಪ್ರಮಾಣಿತ ದ್ರಾವಣವನ್ನು ತಯಾರಿಸುವಾಗ ಅಧ್ಯಾಪಕರು ಅತಿ ಹೆಚ್ಚು ಎಚ್ಚರಿಸುವುದು ಯಾವುದರ ಬಗ್ಗೆ? ತೂಕದ ಬಗ್ಗೆ ಎಂದೇ ಅವರು ಹೇಳಿಯಾರು. 250 ಮಿಲಿಲೀಟರಿನ ಗಾಜಿನ ಪಾತ್ರೆಯಲ್ಲಿ ಸೋಡಿಯಂ ಕಾರ್ಬೊನೇಟಿನ 0.1 ಮೋಲಾರ್ ದ್ರಾವಣ ಬೇಕಾದರೆ ನೀರಿನಂಶವಿಲ್ಲದ ಶುದ್ಧ ಪುಡಿಯನ್ನು 2.65 ಗ್ರಾಂ ತೂಗಿ ಹಾಕಬೇಕು. ಅದರಲ್ಲಿ 0.053 ಗ್ರಾಂ ಕಡಿಮೆಯಾಯಿತೆನ್ನಿ. ಚಿಟಿಕೆಯಲ್ಲೂ ಸರಿಯಾಗಿ ಸಿಗದಷ್ಟು ಪುಡಿ ಅದು. ಆದರೆ ದ್ರಾವಣದ ಬಲ ಶೇಕಡಾ 2ರಷ್ಟು ಕುಗ್ಗಿತು. ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸರಿಯಾದದ್ದೂ ತಪ್ಪಾದದ್ದೂ ಒಂದೇ ರೀತಿ ತಿಳಿಯಾದ ನೀರಿನಂತೆ ಕಾಣುತ್ತದೆ. ಈ ದ್ರಾವಣದಿಂದ ಒಂದು ಆಮ್ಲದ ಬಲವನ್ನು ಅಳೆದರೆ ಆ ಲೆಕ್ಕಕ್ಕೂ ಅದೇ ತಪ್ಪು ಸೇರುತ್ತದೆ. ಆ ಆಮ್ಲದಿಂದ ಮತ್ತೊಂದು ಕ್ಷಾರವನ್ನು ಅಳೆದರೆ ಅದಕ್ಕೂ ಸೇರುತ್ತದೆ. ನ್ಯಾಯಾಲಯದಲ್ಲಿ ಮೊದಲ ಸಾಕ್ಷಿ ಸುಳ್ಳು ಹೇಳಿದರೆ ಅವನನ್ನು ನಂಬಿದ ಎಲ್ಲ ತೀರ್ಪುಗಳೂ ಕೆಟ್ಟು ಹೋಗುವ ಹಾಗೆ.

ಆದ್ದರಿಂದಲೇ ಪ್ರಯೋಗಾಲಯಗಳಲ್ಲಿ ತಕ್ಕಡಿಯನ್ನು ಗಾಜಿನ ಪೆಟ್ಟಿಗೆಯೊಳಗೆ ಇಡುತ್ತಾರೆ. ಗಾಳಿ ತಾಗಬಾರದು, ಬಿಸಿಯಾದ ವಸ್ತುವನ್ನು ತೂಗಬಾರದು, ತೂಕದ ಬಿಲ್ಲೆಗಳನ್ನು ಬೆರಳಿನಿಂದ ಮುಟ್ಟಬಾರದು, ತಕ್ಕಡಿ ಸಮತಲದಲ್ಲಿದೆಯೇ ಎಂದು ಮೊದಲು ನೋಡಬೇಕು ಎಂದೆಲ್ಲ ಕಲಿಸುತ್ತಾರೆ. ಈಗ ಬಹುತೇಕ ಕಡೆ ವಿದ್ಯುತ್ ತಕ್ಕಡಿ ಬಂದಿದೆ. ಆದರೆ ಗಾಜಿನ ಬಾಗಿಲು ಅಲ್ಲೂ ಇದೆ, ಎಚ್ಚರಿಕೆಗಳೂ ಇವೆ.

ತೂಕದ ವಿಷಯದಲ್ಲಿ ಇಷ್ಟೊಂದು ಸೂಕ್ಷ್ಮತೆ ಯುರೋಪಿನಲ್ಲೇ ಮೊದಲು ಹುಟ್ಟಿತೆಂದು ನಮ್ಮ ಅನೇಕ ವಿದ್ಯಾವಂತರು ಭಾವಿಸಿದ್ದಾರೆ. ಆದರೆ ಇಂದಿಗೆ ಸುಮಾರು 900 ವರ್ಷಗಳ ಹಿಂದೆ, ಹಿಜರಿ 515ರಲ್ಲಿ, ಅಂದರೆ ಕ್ರಿ.ಶ. 1121-22ರಲ್ಲಿ, ಖುರಾಸಾನಿನ ಮರ್ವ್ ನಗರದಲ್ಲಿ ಒಬ್ಬರು ತಕ್ಕಡಿಯ ಬಗ್ಗೆಯೇ ಎಂಟು ಭಾಗಗಳ ಒಂದು ಗ್ರಂಥವನ್ನು ಬರೆದು ಮುಗಿಸಿದರು. ಗ್ರಂಥದ ಹೆಸರು ಮೀಝಾನುಲ್ ಹಿಕ್ಮಃ, ಅಂದರೆ ವಿವೇಕದ ತಕ್ಕಡಿ. ಬರೆದವರು ಅಬ್ದುರ್ರಹ್ಮಾನ್ ಅಲ್‌ಖಾಝಿನಿ. ಅವರ ಜೀವನವನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಖಾಝಿನಿ ಎಂಬುದು ಅವರ ಮನೆತನದ ಹೆಸರಲ್ಲ. ಅವರು ರೂಮೀ ಮೂಲದವರು. ಎಂದರೆ ಬೈಝಾಂಟಿಯನ್ ಗ್ರೀಕರ ನಾಡಿನಿಂದ ಬಂದ ಗುಲಾಮ ಬಾಲಕ. ಮರ್ವ್‌ನ ಅಲೀ ಅಲ್‌ಖಾಝಿನ್ ಎಂಬವರು ಅವರ ಯಜಮಾನರಾಗಿದ್ದರು. ಖಾಝಿನ್ ಎಂದರೆ ಭಂಡಾರದ ಪಾಲಕ. ನಾವು ದಿನನಿತ್ಯ ಕನ್ನಡದಲ್ಲಿ ಬಳಸುವ ಖಜಾನೆ, ಖಜಾಂಚಿ ಎಂಬ ಪದಗಳು ಇದೇ ಅರಬಿ ಮೂಲದಿಂದ ಬಂದವು. ಯಜಮಾನನ ಹುದ್ದೆಯೇ ಗುಲಾಮನ ಹೆಸರಿಗೆ ಅಂಟಿಕೊಂಡಿತು. ಯಜಮಾನನ ಹೆಸರನ್ನು ಇಂದು ಯಾರಾದರೂ ನೆನೆಯುತ್ತಿದ್ದರೆ ಅದು ಆ ಗುಲಾಮನಿಂದಾಗಿಯೇ.

ಮನುಷ್ಯನನ್ನು ಮನುಷ್ಯ ಕೊಂಡು ಮಾರುತ್ತಿದ್ದ ಕಾಲ ಅದು. ಆ ವ್ಯವಸ್ಥೆಯನ್ನು ನಾವು ಇಂದು ಸಮರ್ಥಿಸಬೇಕಾಗಿಲ್ಲ. ಗುಲಾಮರನ್ನು ಬಿಡುಗಡೆ ಮಾಡುವುದು ಮಹಾ ಪುಣ್ಯದ ಕಾರ್ಯವೆಂದು ಕುರ್‌ಆನ್ ಕಲಿಸಿತ್ತು. ಅಧೀನದಲ್ಲಿರುವವರಿಗೆ ಉತ್ತಮ ವಿದ್ಯೆ ಮತ್ತು ಶಿಷ್ಟಾಚಾರ ಕಲಿಸಿ ಸ್ವತಂತ್ರಗೊಳಿಸುವವರಿಗೆ ಇಮ್ಮಡಿ ಪ್ರತಿಫಲವಿದೆಯೆಂದು ಪ್ರವಾದಿವರ್ಯರು(ಸ) ತಿಳಿಸಿದ್ದರು. ಅಲೀ ಅಲ್‌ಖಾಝಿನ್‌ರವರು ಆ ಬಾಲಕನನ್ನು ಮನೆಗೆಲಸಕ್ಕೆ ಮಾತ್ರ ಇಟ್ಟುಕೊಳ್ಳಲಿಲ್ಲ. ಅವನಲ್ಲಿದ್ದ ಪ್ರತಿಭೆಯನ್ನು ಗುರುತಿಸಿ ಗಣಿತ ಮತ್ತು ತತ್ವಶಾಸ್ತ್ರದಲ್ಲಿ ಶ್ರೇಷ್ಠ ಶಿಕ್ಷಣ ಕೊಡಿಸಿದರು. ಸ್ವಂತ ಮಗನಿಗೆ ಕೊಡಿಸುವಂತಹ ಶಿಕ್ಷಣ ಎನ್ನಬೇಕು. ಇಂದು ನಮ್ಮ ಮನೆಗಳಲ್ಲಿ ಕೆಲಸಕ್ಕೆ ಬರುವ ಬಡವರ ಮಕ್ಕಳ ಕಡೆಗೆ ನಾವು ಎಂದಾದರೂ ಆ ದೃಷ್ಟಿಯಿಂದ ನೋಡಿದ್ದೇವೆಯೇ?

ಮರ್ವ್ ಈಗ ತುರ್ಕ್ಮೆನಿಸ್ತಾನದಲ್ಲಿರುವ ಒಂದು ಹಾಳುಬಿದ್ದ ನಗರ. ಅಂದು ಅದು ಸಲ್ಜೂಕಿ ಸುಲ್ತಾನ ಸಂಜರನ ರಾಜಧಾನಿ. ಸಂಜರ್ 1118ರಿಂದ 1157ರವರೆಗೆ ಮಹಾ ಸುಲ್ತಾನನಾಗಿದ್ದನು. ಖುರಾಸಾನಿನ ಆಡಳಿತ ಅದಕ್ಕಿಂತ ಇಪ್ಪತ್ತು ವರ್ಷ ಮೊದಲೇ ಅವನ ಕೈಗೆ ಬಂದಿತ್ತು. ಗ್ರಂಥಾಲಯಗಳಿಗೆ ಹೆಸರಾದ ಊರು ಮರ್ವ್. ಖಾಝಿನಿಯವರು ಇಲ್ಲಿ ಬೆಳೆದು, ಇಲ್ಲಿಯೇ ಆಸ್ಥಾನದ ಗಣಿತಜ್ಞರೂ ಖಗೋಳಶಾಸ್ತ್ರಜ್ಞರೂ ಆದರು. 1115ರ ಸುಮಾರಿಗೆ ಅವರು ಸುಲ್ತಾನನ ಹೆಸರಿನಲ್ಲಿ ಅಝ್ಝೀಜುಸ್ಸಂಜರೀ ಎಂಬ ಖಗೋಳ ಕೋಷ್ಟಕಗಳ ಬೃಹತ್ ಗ್ರಂಥವನ್ನು ರಚಿಸಿದರು. ಹೊಸ ಚಂದ್ರ ಯಾವಾಗ ಕಾಣಿಸೀತೆಂಬ ಲೆಕ್ಕಾಚಾರವೂ ಅದರಲ್ಲಿ ವಿವರವಾಗಿ ಬರುತ್ತದೆ. ಆ ಕಾಲದ ಹೆಚ್ಚಿನವರು ಹಿಂದಿನವರ ಕೋಷ್ಟಕಗಳನ್ನೇ ನಕಲು ಮಾಡಿ ತಿದ್ದಿಕೊಳ್ಳುತ್ತಿದ್ದರು. ಖಾಝಿನಿಯವರು ಸ್ವತಃ ಆಕಾಶವನ್ನು ವೀಕ್ಷಿಸಿ ಬರೆದ ಕೆಲವೇ ಮಂದಿಯಲ್ಲಿ ಒಬ್ಬರು.

ಆದರೆ ಅವರ ಹೆಸರನ್ನು ಉಳಿಸಿದ್ದು ತಕ್ಕಡಿ. ಆ ತಕ್ಕಡಿಯ ಕಥೆ ಅವರಿಂದ ಆರಂಭವಾಗುವುದಿಲ್ಲ. ಅದಕ್ಕೆ ಮೊದಲು ಒಂದು ದುಃಖದ ಘಟನೆ ನಡೆದಿತ್ತು.

ಉಮರ್ ಖಯ್ಯಾಮರ ಸಮಕಾಲೀನರಾಗಿ, ಪಂಚಾಂಗ ಸುಧಾರಣೆಯಲ್ಲಿ ಅವರ ಜೊತೆ ದುಡಿದ ಅಲ್‌ಮುಝಫ್ಫರ್ ಅಲ್‌ಇಸ್ಫಿಝಾರಿ ಎಂಬ ವಿದ್ವಾಂಸರಿದ್ದರು. ಶುದ್ಧ ಚಿನ್ನ ಯಾವುದು, ಬೆರಕೆಯ ಚಿನ್ನ ಯಾವುದು ಎಂದು ಕರಗಿಸದೆ, ಕತ್ತರಿಸದೆ, ಒರೆಗಲ್ಲಿಗೆ ಉಜ್ಜದೆ ಹೇಳಬಲ್ಲ ತಕ್ಕಡಿಯೊಂದನ್ನು ನಿರ್ಮಿಸಲು ಅವರು ತಮ್ಮ ಆಯುಷ್ಯದ ದೊಡ್ಡ ಭಾಗವನ್ನು ಕಳೆದರು. ತಕ್ಕಡಿ ಸಿದ್ಧವಾಗಿ ಸುಲ್ತಾನನ ಖಜಾನೆಗೆ ಸೇರಿತು. ಖಜಾನೆಯ ಪಾಲಕನಿಗೆ ಅದನ್ನು ಕಂಡು ನಿದ್ದೆ ಹತ್ತಲಿಲ್ಲ. ತಾನು ಮಾಡಿದ ವಂಚನೆಗಳು ಈ ತಕ್ಕಡಿಯಿಂದ ಬಯಲಾಗುವುವೆಂಬ ಭೀತಿ ಅವನಿಗೆ. ಅವನು ಅದನ್ನು ಒಡೆದು ತುಂಡು ತುಂಡು ಮಾಡಿ ನಾಶಪಡಿಸಿದನು. ಸುದ್ದಿ ಕೇಳಿದ ಇಸ್ಫಿಝಾರಿಯವರು ಹಾಸಿಗೆ ಹಿಡಿದರು. ಆ ದುಃಖದಲ್ಲೇ ತೀರಿಕೊಂಡರು. ಈ ವೃತ್ತಾಂತವನ್ನು ಬರೆದಿಟ್ಟವರು ಆ ಶತಮಾನದಲ್ಲೇ ಬದುಕಿದ್ದ ಚರಿತ್ರಕಾರ ಝಹೀರುದ್ದೀನ್ ಅಲ್‌ಬೈಹಖಿ.

ಸ್ವಲ್ಪ ಯೋಚಿಸಿ ನೋಡಿ. ತಕ್ಕಡಿ ಯಾರನ್ನೂ ಬೈಯುವುದಿಲ್ಲ, ಯಾರ ಮೇಲೂ ದೂರು ಕೊಡುವುದಿಲ್ಲ. ಅದು ಸುಮ್ಮನೆ ನೇತಾಡುವ ಲೋಹದ ಒಂದು ವಸ್ತು. ಆದರೂ ಅಧಿಕಾರದಲ್ಲಿದ್ದ ಒಬ್ಬ ಮನುಷ್ಯ ಅದಕ್ಕೆ ಹೆದರಿ ಬೆವತನು. ತೂಕದಲ್ಲಿ ಕಳ್ಳತನ ಮಾಡುವವನಿಗೆ ಸರಿಯಾದ ತಕ್ಕಡಿಗಿಂತ ದೊಡ್ಡ ಶತ್ರು ಬೇರೆ ಇಲ್ಲ. ಪ್ರವಾದಿ ಶುಐಬ್(ಅ)ರ ಜನಾಂಗದ ಚರಿತ್ರೆಯನ್ನು ಓದಿದವರಿಗೆ ಇದು ಹೊಸತಲ್ಲ. ಮದ್ಯನಿನ ಜನರು ಅಳತೆ ತೂಕಗಳಲ್ಲಿ ಮೋಸ ಮಾಡುತ್ತಿದ್ದರು. ಸರಿಯಾಗಿ ತೂಗಿರಿ ಎಂದು ಉಪದೇಶಿಸಿದ ಪ್ರವಾದಿಯನ್ನು ಊರಿನಿಂದ ಹೊರಹಾಕುವುದಾಗಿ ಬೆದರಿಸಿದರು. ತೂಕದಲ್ಲಿ ಕಡಿಮೆ ಕೊಡುವವರ ಹೆಸರಿನಲ್ಲಿಯೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ. ಅರ್ರಹ್ಮಾನ್ ಅಧ್ಯಾಯದಲ್ಲಂತೂ ಆಕಾಶವನ್ನು ಎತ್ತರಿಸಿದ ವಿಷಯದ ಬೆನ್ನಿಗೇ ತಕ್ಕಡಿಯ ಪ್ರಸ್ತಾಪ ಬರುತ್ತದೆ. ಸಂತೆಯಲ್ಲಿ ಮೀನು, ಮೆಣಸು ತೂಗುವ ಸಾಧನವನ್ನು ಆಕಾಶದ ಪಕ್ಕದಲ್ಲಿ ಇಟ್ಟು ಹೇಳಿದ ಗ್ರಂಥವನ್ನು ದಿನವೂ ಓದುತ್ತಿದ್ದ ಸಮಾಜದಲ್ಲಿಯೇ ಆ ಖಜಾಂಚಿಯೂ ಇದ್ದನು, ಖಾಝಿನಿಯವರೂ ಇದ್ದರು.

ಖಾಝಿನಿಯವರು ಇಸ್ಫಿಝಾರಿಯವರ ಕೆಲಸವನ್ನು ಬಿಟ್ಟಲ್ಲಿಂದ ಎತ್ತಿಕೊಂಡರು. ಅದೇ ಸುಲ್ತಾನನ ಖಜಾನೆಗಾಗಿ ಮತ್ತೆ ತಕ್ಕಡಿಯನ್ನು ನಿರ್ಮಿಸಿದರು. ಒಡೆದವನಂತಹವರು ಮತ್ತೆ ಬಾರದಿರುವರೇ ಎಂಬ ಸಂಶಯ ಅವರ ಕೈಯನ್ನು ತಡೆಯಲಿಲ್ಲ. ಇನ್ನೊಂದು ವಿಷಯ ಗಮನಿಸಬೇಕು. ವಿವೇಕದ ತಕ್ಕಡಿ ಎಂಬ ಹೆಸರು ತನ್ನದಲ್ಲ, ಅದು ಇಸ್ಫಿಝಾರಿಯವರು ಇಟ್ಟದ್ದು, ಅವರು ಕೆಲಸವನ್ನು ಪೂರ್ಣಗೊಳಿಸುವ ಮುನ್ನವೇ ಅಲ್ಲಾಹನ ಕರುಣೆಯೆಡೆಗೆ ಮರಳಿದರು ಎಂದು ಖಾಝಿನಿಯವರು ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ತೀರಿಹೋದವರ ಹೆಸರನ್ನು ಬಿಟ್ಟುಬಿಟ್ಟಿದ್ದರೆ ಕೇಳುವವರು ಯಾರೂ ಇರಲಿಲ್ಲ. ಆರ್ಕಿಮಿಡಿಸ್, ಯೂಕ್ಲಿಡ್, ಅರ್ರಾಝಿ, ಅಲ್‌ಬೀರೂನಿ, ಉಮರ್ ಖಯ್ಯಾಮ್, ಹೀಗೆ ಯಾರಿಂದ ಏನನ್ನು ಪಡೆದೆನೆಂಬುದನ್ನು ಅವರು ಒಬ್ಬೊಬ್ಬರ ಹೆಸರು ಹಿಡಿದು ಹೇಳಿದ್ದಾರೆ. ಹದೀಸ್ ವಿದ್ವಾಂಸರು ವರದಿಯ ಸರಪಳಿಯನ್ನು ಕೊಡುವ ಕ್ರಮ ನಿಮಗೆ ಗೊತ್ತಿದೆ. ಅದರ ಪರಿಮಳ ಈ ವಿಜ್ಞಾನದ ಪುಸ್ತಕದಲ್ಲೂ ಇದೆ.

ಈ ತಕ್ಕಡಿ ಚಿನ್ನದ ಶುದ್ಧತೆಯನ್ನು ಹೇಳುವುದು ಹೇಗೆ? ವಿಷಯ ಕಷ್ಟದ್ದಲ್ಲ. ಬಾವಿಯಿಂದ ಕೊಡವನ್ನು ಎಳೆಯುವಾಗ ನೀರೊಳಗೆ ಇರುವಷ್ಟು ಹೊತ್ತು ಅದು ಹಗುರ, ಮೇಲೆ ಬಂದೊಡನೆ ಭಾರ. ನೀರಿನಲ್ಲಿ ಮುಳುಗಿದ ವಸ್ತು ತಾನು ಎಷ್ಟು ನೀರನ್ನು ಸರಿಸಿತೋ ಅಷ್ಟು ನೀರಿನ ತೂಕವನ್ನು ಕಳಕೊಂಡಂತೆ ತೋರುತ್ತದೆ. ಈಗ 100 ಮಿಸ್ಕಾಲ್ ಶುದ್ಧ ಚಿನ್ನವನ್ನು ನೀರಿನಲ್ಲಿ ತೂಗಿದರೆ ಸುಮಾರು 5.25 ಮಿಸ್ಕಾಲ್ ಕಡಿಮೆ ತೋರಿಸುತ್ತದೆ. 100 ಮಿಸ್ಕಾಲ್ ಬೆಳ್ಳಿಯಾದರೆ ಸುಮಾರು 9.7. ಚಿನ್ನವೆಂದು ಕೊಟ್ಟ 100 ಮಿಸ್ಕಾಲಿನ ಆಭರಣ ನೀರಿನಲ್ಲಿ 7.5ರಷ್ಟು ಕಳಕೊಂಡಿತೆಂದರೆ ಅದರಲ್ಲಿ ಅರ್ಧದಷ್ಟು ಬೆಳ್ಳಿಯಿದೆ ಎಂದು ತಿಳಿಯಬಹುದು. ಮಿಸ್ಕಾಲ್ ನಿಮಗೆ ಅಪರಿಚಿತವಲ್ಲ. ಚಿನ್ನದ ಝಕಾತ್‌ಗೆ ನಿಸಾಬ್ 20 ಮಿಸ್ಕಾಲ್, ಅಂದರೆ ಸುಮಾರು 85 ಗ್ರಾಂ.

ಚಿನ್ನ ಬೆಳ್ಳಿಗಳ ಈ ಅಂಕಿಗಳನ್ನು ಮೊದಲು ಕಂಡುಹಿಡಿದವರು ಅಲ್‌ಬೀರೂನಿ. 973ರಲ್ಲಿ ಖ್ವಾರಿಝ್ಮಿನಲ್ಲಿ ಹುಟ್ಟಿ, ನಮ್ಮ ಭಾರತದ ಬಗ್ಗೆ ಮಹಾ ಗ್ರಂಥವನ್ನು ಬರೆದ ಅದೇ ಬೀರೂನಿ. ಅವರು ಶಂಖುವಿನಾಕಾರದ ಒಂದು ಪಾತ್ರೆಗೆ ಬಾಗಿದ ಕೊಳವೆಯನ್ನು ಕೂಡಿಸಿ, ನೀರು ತುಂಬಿ, ಲೋಹವನ್ನು ಇಳಿಸಿ, ಹೊರಗೆ ಹರಿದ ನೀರನ್ನು ಹಿಡಿದು ತೂಗುತ್ತಿದ್ದರು. ಕೊಳವೆಯ ಬಾಯಲ್ಲಿ ನೀರಿನ ಹನಿ ಅಂಟಿಕೊಂಡು ನಿಲ್ಲುತ್ತಿತ್ತು. ಆ ಒಂದು ಹನಿಗಾಗಿ ಅವರು ಪಾತ್ರೆಯನ್ನು ಮತ್ತೆ ಮತ್ತೆ ತಿದ್ದಿದರು. ಇಂದು ಬ್ಯೂರೆಟ್ಟಿನ ತುದಿಯಲ್ಲಿ ನೇತಾಡುವ ಹನಿಯನ್ನು ಲೆಕ್ಕಕ್ಕೆ ಸೇರಿಸಬೇಕೋ ಬಿಡಬೇಕೋ ಎಂದು ತಲೆಕೆಡಿಸಿಕೊಳ್ಳುವ ವಿದ್ಯಾರ್ಥಿಗೆ ಈ ಸಂಕಟ ಚೆನ್ನಾಗಿ ಅರ್ಥವಾದೀತು.

ಖಾಝಿನಿಯವರ ತಕ್ಕಡಿ ಇದಕ್ಕಿಂತ ಬಹಳ ಮುಂದೆ ಹೋಯಿತು. ಅದರ ದಂಡ ನಾಲ್ಕು ಮೊಳ, ಸುಮಾರು 2 ಮೀಟರ್ ಉದ್ದ. ನಡುವಿನ ಮುಳ್ಳು ಒಂದು ಮೊಳದಷ್ಟು. ಮುಳ್ಳು ಉದ್ದವಾದಷ್ಟೂ ಅತಿ ಸಣ್ಣ ಓಲಾಟವೂ ಕಣ್ಣಿಗೆ ಕಾಣುತ್ತದೆ. ನಾವು ಕಾಣುವ ತಕ್ಕಡಿಗೆ ಎರಡು ತಟ್ಟೆ, ಇದಕ್ಕೆ ಐದು. ಅವುಗಳಲ್ಲಿ ಒಂದು ನೀರಿನಲ್ಲಿ ಮುಳುಗುವಂತೆ ಕೆಳಗೆ ನೇತುಬಿಟ್ಟದ್ದು. ಇನ್ನೆರಡನ್ನು ದಂಡದ ಉದ್ದಕ್ಕೆ ಸರಿಸಬಹುದು. ದಂಡದ ಮೇಲೆ ಚಿನ್ನ, ಬೆಳ್ಳಿ, ತಾಮ್ರ ಇತ್ಯಾದಿ ಒಂದೊಂದಕ್ಕೂ ಒಂದೊಂದು ಗುರುತು. ವಸ್ತುವನ್ನು ಮೊದಲು ಗಾಳಿಯಲ್ಲಿ ತೂಗಿ, ಬಳಿಕ ನೀರಿಗಿಳಿಸಿ, ಎದುರಿನ ತಟ್ಟೆಯನ್ನು ದಂಡ ಸಮವಾಗುವವರೆಗೆ ಸರಿಸಬೇಕು. ತಟ್ಟೆ ಚಿನ್ನದ ಗುರುತಿನಲ್ಲಿ ನಿಂತರೆ ಅದು ಚಿನ್ನ. ಎರಡು ಗುರುತುಗಳ ನಡುವೆ ನಿಂತರೆ ಎರಡರ ಬೆರಕೆ. ಎಷ್ಟೆಷ್ಟು ಪಾಲು ಎಂಬುದೂ ಅಲ್ಲಿಂದಲೇ ತಿಳಿಯುತ್ತದೆ. ಮಾಣಿಕ್ಯ, ಪಚ್ಚೆಗಳ ಹೆಸರಿನಲ್ಲಿ ಬಣ್ಣದ ಗಾಜನ್ನು ಮಾರುವವನ ಗುಟ್ಟೂ ಇದರಲ್ಲಿ ರಟ್ಟಾಗುತ್ತಿತ್ತು.

ಅದರ ಸೂಕ್ಷ್ಮತೆಯ ಬಗ್ಗೆ ಅವರೇ ಬರೆದಿರುವ ಪ್ರಕಾರ, 1000 ಮಿಸ್ಕಾಲ್ ಭಾರವನ್ನು ಹೊತ್ತಿರುವಾಗಲೂ ಅದು ಒಂದು ಹಬ್ಬದ ವ್ಯತ್ಯಾಸವನ್ನು ತೋರಿಸುತ್ತಿತ್ತು. ಹಬ್ಬ ಎಂದರೆ ಅರಬಿಯಲ್ಲಿ ಕಾಳು, ಒಂದು ಧಾನ್ಯದ ಕಾಳಿನ ತೂಕ. ನಾಲ್ಕು ಕಿಲೋಗಿಂತ ಹೆಚ್ಚು ಭಾರದಲ್ಲಿ ಒಂದು ಕಾಳಿನ ಹೆಚ್ಚು ಕಡಿಮೆ!

ಇಷ್ಟು ಸೂಕ್ಷ್ಮತೆ ಬಂದದ್ದು ಅಕ್ಕಸಾಲಿಗನ ಕೈಚಳಕದಿಂದ ಮಾತ್ರವಲ್ಲ. ದಂಡದ ಅಚ್ಚು ಅದರ ಭಾರಕೇಂದ್ರದ ಮೇಲಿದ್ದರೆ ತಕ್ಕಡಿ ಓಲಾಡಿ ಮತ್ತೆ ಸಮಸ್ಥಿತಿಗೆ ಬರುತ್ತದೆ, ಕೆಳಗಿದ್ದರೆ ಮಗುಚುತ್ತದೆ, ಸರಿಯಾಗಿ ಅಲ್ಲಿಯೇ ಇದ್ದರೆ ಇಟ್ಟ ಹಾಗೆಯೇ ನಿಲ್ಲುತ್ತದೆ ಎಂಬ ಮೂರು ಸ್ಥಿತಿಗಳನ್ನು ಅವರು ಬೇರೆ ಬೇರೆಯಾಗಿ ವಿವರಿಸಿದ್ದಾರೆ. ಎಂದರೆ ವಸ್ತುವನ್ನು ತೂಗುವ ಮೊದಲು ಅವರು ತಕ್ಕಡಿಯನ್ನೇ ತೂಗಿ ನೋಡಿದರು.

ಇನ್ನು ನೀರಿನ ವಿಷಯ. ಯಾವ ನೀರು? ಬೀರೂನಿಯವರು ತಮ್ಮ ಪ್ರಯೋಗಗಳನ್ನು ಖ್ವಾರಿಝ್ಮಿನ ಜುರ್ಜಾನಿಯ್ಯದಲ್ಲಿ, ಜೈಹೂನ್ ನದಿಯ ನೀರಿನಲ್ಲಿ, ಶರತ್ಕಾಲದ ಆರಂಭದಲ್ಲಿ ನಡೆಸಿದ್ದರು. ಖಾಝಿನಿಯವರು ಊರು, ನದಿ, ಋತು ಈ ಮೂರನ್ನೂ ಬಿಡದೆ ದಾಖಲಿಸಿದರು. ಯಾಕೆಂದರೆ ಬಿಸಿನೀರು ತಣ್ಣೀರಿಗಿಂತ ಹಗುರ, ಉಪ್ಪುನೀರು ಸಿಹಿನೀರಿಗಿಂತ ಭಾರ. ನೀರು ಬದಲಾದರೆ ಗುರುತುಗಳೂ ಬದಲಾಗಬೇಕು. ಕಾಲೇಜಿನ ಪ್ರಯೋಗಾಲಯದ ಗಾಜಿನ ಪಾತ್ರೆಯ ಕೊರಳಲ್ಲಿ ಇಂತಿಷ್ಟು ಡಿಗ್ರಿ ಉಷ್ಣತೆಯಲ್ಲಿ ಇಂತಿಷ್ಟು ಮಿಲಿಲೀಟರ್ ಎಂದು ಕೆತ್ತಿರುವುದನ್ನು ನಿಮ್ಮ ಮಕ್ಕಳು ನೋಡಿರಬಹುದು. ಕಾರಣ ಒಂದೇ. ಗಾಳಿಯ ವಿಷಯದಲ್ಲೂ ಅವರು ಇದನ್ನೇ ಹೇಳಿದರು. ವಸ್ತುವನ್ನು ನೀರು ಮೇಲಕ್ಕೆತ್ತುವಂತೆ ಗಾಳಿಯೂ ಸ್ವಲ್ಪ ಮಟ್ಟಿಗೆ ಎತ್ತುತ್ತದೆ. ಆದ್ದರಿಂದ ಗಾಳಿ ದಟ್ಟವಾಗಿರುವಲ್ಲಿ ವಸ್ತು ಹಗುರ, ತೆಳುವಾಗಿರುವಲ್ಲಿ ಭಾರ. ಅತ್ಯಂತ ನಿಖರವಾಗಿ ತೂಗಬೇಕಾದಲ್ಲಿ ಇಂದಿಗೂ ಗಾಳಿಯ ಈ ಎತ್ತುವಿಕೆಗೆ ಲೆಕ್ಕ ಹಿಡಿದು ತೂಕವನ್ನು ಸರಿಪಡಿಸಲಾಗುತ್ತದೆ.

ಹೀಗೆ ತೂಗಿ ಅವರು ಕೊಟ್ಟ ಅಂಕಿಗಳು ನೋಡುವಂತಿವೆ. ನೀರನ್ನು 1 ಎಂದು ಹಿಡಿದರೆ ಪಾದರಸ 13.56, ಇಂದಿನ ಪುಸ್ತಕದಲ್ಲೂ ಹೆಚ್ಚುಕಡಿಮೆ ಅಷ್ಟೇ. ಸೀಸ 11.32, ಇಂದಿನ ಲೆಕ್ಕ ಸುಮಾರು 11.35. ಚಿನ್ನ 19.05, ಇಂದು 19.3. ಕುದಿವ ನೀರು 0.958, ಇದಂತೂ ಆಶ್ಚರ್ಯ ಹುಟ್ಟಿಸುತ್ತದೆ. ಹಾಲಿನ ಸೊಸೈಟಿಯಲ್ಲಿ ಹಾಲಿಗೆ ನೀರು ಬೆರೆತಿದೆಯೋ ಎಂದು ನೋಡಲು ಗಾಜಿನ ಕೊಳವೆಯೊಂದನ್ನು ತೇಲಿಬಿಡುವುದನ್ನು ನೀವು ಕಂಡಿರುವಿರಿ. ದ್ರವಗಳನ್ನು ಅಳೆಯುವ ಅಂತಹದೇ ತೇಲುವ ಸಾಧನವನ್ನು ಖಾಝಿನಿಯವರು ವರ್ಣಿಸಿ, ಅದನ್ನು ಪ್ರಾಚೀನ ಗ್ರೀಕ್ ವಿದ್ವಾಂಸ ಪಪ್ಪಸನದೆಂದು ತಿಳಿಸಿದ್ದಾರೆ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ನಮ್ಮ ಕೆಲವು ಭಾಷಣಕಾರರು ಮತ್ತು ಲೇಖಕರು ಪೂರ್ವಿಕರ ಸಾಧನೆಯನ್ನು ವರ್ಣಿಸುವಾಗ ತಕ್ಕಡಿಯ ಒಂದು ಬದಿಗೆ ಬೆರಳಿಡುತ್ತಾರೆ. ಖಾಝಿನಿಯವರು ನ್ಯೂಟನ್ನನಿಗಿಂತ 500 ವರ್ಷ ಮೊದಲೇ ಗುರುತ್ವಾಕರ್ಷಣ ನಿಯಮವನ್ನು ಕಂಡುಹಿಡಿದರು ಎಂಬ ಮಾತನ್ನು ನೀವೂ ಕೇಳಿರಬಹುದು. ವಸ್ತುವಿನ ತೂಕ ಜಗತ್ತಿನ ಕೇಂದ್ರದಿಂದ ಅದಕ್ಕಿರುವ ದೂರವನ್ನು ಅವಲಂಬಿಸಿದೆ ಎಂದು ಅವರು ಬರೆದದ್ದು ನಿಜ. ಅದು ದಿಟ್ಟ ವಿಚಾರವೇ. ಆದರೆ ಕೇಂದ್ರದಿಂದ ದೂರ ಹೋದಷ್ಟೂ ವಸ್ತು ಹೆಚ್ಚು ಭಾರವಾಗುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ನ್ಯೂಟನ್ ಹೇಳಿದ್ದು ಇದಕ್ಕೆ ವಿರುದ್ಧ: ಭೂಮಿಯಿಂದ ಮೇಲೆ ದೂರ ಹೋದಷ್ಟೂ ಆಕರ್ಷಣೆ ಕಡಿಮೆಯಾಗುತ್ತದೆ. ಹಸುವಿನ ಹಾಲಿಗೆ ಖಾಝಿನಿಯವರು ಕೊಟ್ಟ 1.110 ಎಂಬ ಅಂಕಿಯೂ ಹೆಚ್ಚಾಯಿತು, ಹಾಲು 1.03ರ ಆಸುಪಾಸಿನಲ್ಲಿರುತ್ತದೆ. ಇದರಿಂದ ಅವರ ಯೋಗ್ಯತೆ ಕುಂದುವುದಿಲ್ಲ. ಒಂದು ಕಾಳಿನ ವ್ಯತ್ಯಾಸಕ್ಕಾಗಿ ಎರಡು ಮೀಟರ್ ಉದ್ದದ ದಂಡವನ್ನು ಮಾಡಿಸಿದ ವ್ಯಕ್ತಿಯ ಬಗ್ಗೆ ಮಾತಾಡುವಾಗ ನಾವು ಕಿಲೋಗಟ್ಟಲೆ ಸೇರಿಸಿ ಹೇಳಿದರೆ ಅವರಿಗೇ ಅನ್ಯಾಯ ಮಾಡಿದಂತೆ.

ಖಾಝಿನಿಯವರಿಗೆ ತಕ್ಕಡಿ ಕೇವಲ ಯಂತ್ರವಾಗಿರಲಿಲ್ಲ. ಗ್ರಂಥದ ಪೀಠಿಕೆಯಲ್ಲಿ ಅವರು ಅಲ್ಲಾಹನನ್ನು ಸ್ತುತಿಸಿ, ನ್ಯಾಯದ ಕುರಿತು ಬರೆಯುತ್ತಾರೆ. ಎಲ್ಲ ಸದ್ಗುಣಗಳಿಗೆ ನ್ಯಾಯವೇ ಆಧಾರ. ಜನರ ನಡುವೆ ನ್ಯಾಯವನ್ನು ನೆಲೆಗೊಳಿಸಲು ಅಲ್ಲಾಹನು ಮೂರು ತೀರ್ಪುಗಾರರನ್ನು ಕೊಟ್ಟಿದ್ದಾನೆ. ಮೊದಲನೆಯದು ದೇವಗ್ರಂಥ. ಎರಡನೆಯದು ಸನ್ಮಾರ್ಗದಲ್ಲಿರುವ ಇಮಾಮರು ಮತ್ತು ಆಳವಾದ ಜ್ಞಾನವುಳ್ಳ ವಿದ್ವಾಂಸರು. ಮೂರನೆಯದು ತಕ್ಕಡಿ. ಮೂರನೆಯ ಸ್ಥಾನವನ್ನು ರಾಜನ ಖಡ್ಗಕ್ಕೆ ಕೊಡದೆ ತಕ್ಕಡಿಗೆ ಕೊಟ್ಟದ್ದನ್ನು ಗಮನಿಸಿ; ಗ್ರಂಥ ಅರ್ಪಿತವಾದದ್ದು ಸುಲ್ತಾನನಿಗೇ.

ಹಾಗಾದರೆ ಸುಲ್ತಾನನ ಚಿನ್ನವನ್ನೆಲ್ಲ ತೂಗಬಲ್ಲ ಈ ಮನುಷ್ಯನ ಸ್ವಂತ ಬದುಕು ಹೇಗಿತ್ತು? ಅಲ್‌ಬೈಹಖಿಯವರು ಬರೆದಿಟ್ಟ ವಿವರಗಳು ಚಿಕ್ಕವು, ಆದರೆ ಓದಿದವರು ಮರೆಯುವಂತಹವಲ್ಲ. ಅಮೀರನೊಬ್ಬನ ಪತ್ನಿ ಖಾಝಿನಿಯವರಿಗೆ 1000 ದೀನಾರ್ ಕಳುಹಿಸಿಕೊಟ್ಟಳು. ಅವರು ಅದನ್ನು ಹಾಗೆಯೇ ಹಿಂದಕ್ಕೆ ಕಳುಹಿಸಿದರು. ವರ್ಷವೊಂದಕ್ಕೆ ಅವರ ಖರ್ಚು 3 ದೀನಾರ್. ಮನೆಯಲ್ಲಿದ್ದದ್ದು ಅವರು ಮತ್ತು ಒಂದು ಬೆಕ್ಕು. ಇಬ್ಬರಿಗೆ ಅಷ್ಟು ಸಾಕು ಎಂಬುದು ಅವರ ಲೆಕ್ಕ.

ಶರೀಅತ್ತಿನ ದೀನಾರಿಗೆ ಒಂದು ಮಿಸ್ಕಾಲ್ ಚಿನ್ನವೆಂದು ಹಿಡಿದರೆ 3 ದೀನಾರ್ ಎಂದರೆ ಇಂದಿನ ಒಂದೂವರೆ ಪವನಿಗಿಂತ ತುಸು ಹೆಚ್ಚು. ಹಿಂದಿರುಗಿಸಿದ 1000 ದೀನಾರ್ 500 ಪವನಿಗೂ ಹೆಚ್ಚು. ಮುನ್ನೂರು ವರ್ಷಕ್ಕೆ ಬೇಕಾಗುವಷ್ಟು ಹಣ! ಮದುವೆಯ ಮಾತುಕತೆಗೆ ಕುಳಿತಾಗ ಹೆಣ್ಣಿನ ಮೈಮೇಲೆ ಎಷ್ಟು ಪವನ್ ಎಂದು ಬಾಯಿಬಿಟ್ಟು ಕೇಳುವ ನಮ್ಮ ಊರುಗಳಲ್ಲಿ ಈ ಲೆಕ್ಕವನ್ನು ಒಮ್ಮೆ ಗಟ್ಟಿಯಾಗಿ ಓದಿ ಹೇಳಬೇಕು. ಖಾಝಿನಿಯವರು ಬಡತನದಿಂದ ಹಾಗಿದ್ದವರಲ್ಲ. ಸುಲ್ತಾನನ ಆಸ್ಥಾನದ ಬಾಗಿಲು ಅವರಿಗೆ ತೆರೆದಿತ್ತು. ಬೇಕೆಂದಿದ್ದರೆ ಭವನ ಕಟ್ಟಿಸಬಹುದಿತ್ತು. ಚಿನ್ನದ ತೂಕ ಅವರಿಗೆ ಚೆನ್ನಾಗಿ ಗೊತ್ತಿತ್ತು. ತನಗೆಷ್ಟು ಬೇಕೆಂಬುದೂ ಅಷ್ಟೇ ಚೆನ್ನಾಗಿ ಗೊತ್ತಿತ್ತು. ಖಜಾನೆಯ ಬೆರಕೆಯನ್ನು ತೋರಿಸಿಕೊಡುವ ತಕ್ಕಡಿಯನ್ನು ಮಾಡುವವನು ಖಜಾನೆಯ ಹತ್ತಿರದವರಿಂದ 1000 ದೀನಾರ್ ತಿಂದು ಕುಳಿತರೆ ಆ ತಕ್ಕಡಿಯನ್ನು ಯಾರು ನಂಬುತ್ತಾರೆ? ಅವರು ಹೀಗೆ ಯೋಚಿಸಿದರೆಂದು ಅಲ್‌ಬೈಹಖಿಯವರು ಬರೆದಿಲ್ಲ, ಇದು ನನ್ನ ಊಹೆ. ಆದರೆ ಮೊದಲ ತಕ್ಕಡಿ ಯಾರ ಕೈಯಲ್ಲಿ ಒಡೆಯಿತೆಂಬುದನ್ನು ನೆನೆದರೆ ಬೇರೆ ರೀತಿ ಊಹಿಸಲು ನನಗೆ ಮನಸ್ಸು ಬರುವುದಿಲ್ಲ.

ಗ್ರಂಥದ ಕೊನೆಯ ಭಾಗದಲ್ಲಿ ಅವರು ಸಮಯವನ್ನು ತೂಗುವ ತಕ್ಕಡಿಯನ್ನು ವರ್ಣಿಸಿದ್ದಾರೆ. ಪಾತ್ರೆಯ ನೀರು ಒಂದೇ ವೇಗದಲ್ಲಿ ಹೊರಹರಿಯುತ್ತದೆ. ದಂಡಕ್ಕೆ ನೇತುಹಾಕಿದ ಆ ಪಾತ್ರೆ ಹಗುರವಾದಂತೆಲ್ಲ ಎದುರಿನ ಭಾರವನ್ನು ಸರಿಸುತ್ತ ಗಂಟೆಗಳನ್ನು ಓದಬಹುದು. ಹಗಲು ರಾತ್ರಿ ಸೇರಿ 24 ಗಂಟೆಗಳನ್ನೂ ಅಳೆಯುವ ಗಡಿಯಾರ ಅದು. 1130-31ರಲ್ಲಿ ತಮ್ಮ ಖಗೋಳ ಗ್ರಂಥವನ್ನು ಸಂಕ್ಷೇಪಿಸಿ ಬರೆದರು.

ಆ ಬಳಿಕ ಮರ್ವ್‌ನ ಮೇಲೆ ಕಷ್ಟಗಳು ಒಂದರ ಮೇಲೊಂದು ಬಂದವು. 1153ರಲ್ಲಿ ಸಂಜರ್ ಗುಝ್ಝ್ ತುರ್ಕರ ಕೈಗೆ ಸೆರೆಸಿಕ್ಕಿದನು. 1221ರಲ್ಲಿ ಮಂಗೋಲರು ನಗರವನ್ನು ನೆಲಸಮ ಮಾಡಿದರು. ಸಂಜರನ ಗೋರಿಯ ಮೇಲಿನ ಗುಮ್ಮಟ ಇಂದಿಗೂ ಆ ಬಯಲಿನಲ್ಲಿ ನಿಂತಿದೆ.

ಆದರೆ ಪುಸ್ತಕಗಳು ಊರಿನಿಂದ ಮೊದಲೇ ಹೊರಟುಬಿಟ್ಟಿದ್ದವು. ಖಗೋಳ ಕೋಷ್ಟಕಗಳನ್ನು 13ನೆಯ ಶತಮಾನದ ಕೊನೆಯ ಭಾಗದಲ್ಲಿ ಗ್ರೆಗರಿ ಖಿಯೊನಿಯಾದಿಸ್ ಎಂಬ ಬೈಝಾಂಟಿಯನ್ ವಿದ್ವಾಂಸ ಗ್ರೀಕ್ ಭಾಷೆಗೆ ಅನುವಾದಿಸಿದನು. ಯಾವ ನಾಡಿನಿಂದ ಆ ಬಾಲಕ ಗುಲಾಮನಾಗಿ ಬಂದಿದ್ದನೋ ಅದೇ ನಾಡಿನವರು ಅವನ ಗ್ರಂಥವನ್ನು ಪಾಠವಾಗಿ ಓದಿದರು. ಮೀಝಾನುಲ್ ಹಿಕ್ಮಃದ ಪ್ರತಿಯೊಂದು ತಬ್ರೀಝಿನಲ್ಲಿದ್ದ ರಷ್ಯದ ರಾಯಭಾರ ಅಧಿಕಾರಿ ಖಾನಿಕೋಫ್‌ನ ಕೈಗೆ ಬಂತು. ಅವನು 1859ರ ವೇಳೆಗೆ ಅದರ ಮುಖ್ಯ ಭಾಗಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಅಮೆರಿಕದ ಪ್ರಾಚ್ಯ ವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟಿಸಿದನು. ಆ ಶತಮಾನದಲ್ಲಿ ಕೆಲವು ಪಾಶ್ಚಾತ್ಯರು ಹೆಸರಿನ ಸಾಮ್ಯದಿಂದಾಗಿ ಈ ಗ್ರಂಥವನ್ನು ಇಬ್ನುಲ್ ಹೈಸಮ್‌ರವರದೆಂದು ತಿಳಿದರು. ಆ ಗೊಂದಲ ಈಗಲೂ ಕೆಲವು ಹಳೆಯ ಪುಸ್ತಕಗಳಲ್ಲಿ ಕಾಣಸಿಗುತ್ತದೆ, ಓದುವಾಗ ಎಚ್ಚರವಿರಲಿ.

ಅರಬಿ ಮೂಲ ಅಚ್ಚಾದದ್ದು ನಮ್ಮ ದಕ್ಖಣದಲ್ಲೇ. ಹಿಜರಿ 1359ರಲ್ಲಿ, ಅಂದರೆ 1940ರಲ್ಲಿ, ಹೈದರಾಬಾದಿನ ದಾಯಿರತುಲ್ ಮಆರಿಫ್ ಸಂಸ್ಥೆ ಅದನ್ನು ಪ್ರಕಟಿಸಿತು. ಬೀದರ್, ಗುಲ್ಬರ್ಗಾ, ರಾಯಚೂರುಗಳು ಅಂದು ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು.